ಮಣ್ಣಿನ ಎದೆ

ಪಿಸ್ತೂಲಿಗೂ ಕಾರ್ಬೈನಿಗೂ ತೋಟಾ ಒಂದೇ ಎಂದರೆ ಜನ ನಂಬುವುದಿಲ್ಲ. ಅಷ್ಟು ದೊಡ್ಡ ಬಂದೂಕಿಗೆ ಇಷ್ಟೇ ಇಷ್ಟು ತೋಟಾನಾ ಎಂದು ಅಂಗೈಯಲ್ಲಿ ಉರುಳಿಸಿ ನೋಡುತ್ತಾರೆ. ನಾನು ಖಾಕಿ ಹಾಕಿಕೊಂಡ ಮೇಲೆ ಬಹಳಷ್ಟು ದಿನಗಳನ್ನು ಯಾದಗಿರಿಯಲ್ಲಿ ಒಂದು ಆಯುಧದ ಕೋಣೆಯೊಳಗೇ ಕಳೆದಿದ್ದೇನೆ. ಬಂದೂಕು ಬಿಚ್ಚುವುದು, ಒರೆಸುವುದು, ಎಣ್ಣೆ ಹಾಕುವುದು, ಮತ್ತೆ ಜೋಡಿಸುವುದು. ಯಾವ ಪಡೆ, ಯಾವ ಕಚೇರಿ ಎಂದು ಕೇಳಬೇಡಿ. ಹೇಳಿದರೆ ನಿಮಗೇನೂ ಲಾಭವಿಲ್ಲ, ಹೇಳದಿದ್ದರೆ ನನಗೆ ನೆಮ್ಮದಿ.

ತೋಟಾ ಒಂದೇ, ಆದರೆ ಪೆಟ್ಟು ಒಂದೇ ಅಲ್ಲ. ಪಿಸ್ತೂಲಿನ ನಳಿಕೆ ಗಿಡ್ಡ. ಮದ್ದು ಇನ್ನೂ ದಬ್ಬುತ್ತಿರುವಾಗಲೇ ಗುಂಡು ಹೊರಗೆ ಬಿದ್ದಿರುತ್ತದೆ. ಕಾರ್ಬೈನಿನ ನಳಿಕೆ ಉದ್ದ. ಗುಂಡು ಒಳಗಿರುವಷ್ಟು ಹೊತ್ತೂ ಮದ್ದು ಹಿಂದಿನಿಂದ ದಬ್ಬುತ್ತಲೇ ಇರುತ್ತದೆ. ಹೊರಗೆ ಬರುವ ಹೊತ್ತಿಗೆ ಅದೇ ಗುಂಡಿಗೆ ಬೇರೆಯೇ ಸೊಕ್ಕು ಬಂದಿರುತ್ತದೆ. ನಮ್ಮಲ್ಲಿದ್ದ ಗುಂಡು ತಡೆಯುವ ಜಾಕೆಟ್ಟುಗಳು ಪಿಸ್ತೂಲಿಗೆಂದು ಬಂದವು. ಅವುಗಳೊಳಗೆ ಕಬ್ಬಿಣದ ತಗಡಿಲ್ಲ, ಬರೀ ಬಟ್ಟೆ. ಹಳದಿ ಬಣ್ಣದ ಬಿಗಿ ನೂಲಿನ ಬಟ್ಟೆಯನ್ನು ಪದರದ ಮೇಲೆ ಪದರ ಇಟ್ಟು, ಮೇಲೆ ಕಪ್ಪು ಗವಸು ಹೊಲಿದಿರುತ್ತಾರೆ, ನಮ್ಮ ಹೆಂಗಸರು ಕೌದಿ ಹೊಲಿದ ಹಾಗೆ. ಬಟ್ಟೆ ಗುಂಡು ತಡೆಯುತ್ತದೆ ಎಂದರೆ ಅದನ್ನೂ ಜನ ನಂಬುವುದಿಲ್ಲ. ಆದರೆ ತಡೆಯುತ್ತದೆ. ನಾನೇ ನೋಡಿದ್ದೇನೆ.

ಇವೆಲ್ಲ ನನಗೆ ನೌಕರಿಯ ಮಾತುಗಳಷ್ಟೇ ಆಗಿದ್ದವು, ನನ್ನ ಹೆಂಡತಿಗೆ ಕೆಂಭಾವಿ ಕಡೆಯ ಡ್ಯೂಟಿ ಬೀಳುವವರೆಗೆ.

ಆಕೆಯೂ ಖಾಕಿಯವಳೇ. ಮನೆಯಲ್ಲಿ ಯಾರು ಯಾರಿಗೆ ಸೆಲ್ಯೂಟ್ ಹೊಡೆಯುತ್ತೀರಿ ಎಂದು ಸಂಬಂಧಿಕರು ಕಾಡಿಸಿದರೆ, ‘ಊಟಕ್ಕ ಕುಂತಾಗ ಅವರು ಹೊಡೀತಾರ್ರಿ’ ಎಂದು ಮುಖ ಗಂಟಿಕ್ಕಿಕೊಂಡೇ ಹೇಳುವವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಆಕೆಗೆ ನಗು ತುಟಿಯ ತುದಿಯಲ್ಲಿ. ಆಕೆಯನ್ನು ಒಬ್ಬ ಹೆಣ್ಣುಮಗಳ ಕಾವಲಿಗೆ ಹಾಕಿದರು. ಕೆಂಭಾವಿಯ ಆಚೆ ಒಂದು ಹಳ್ಳಿಯಲ್ಲಿ, ಕಾಲುವೆಯ ನೀರಿನ ಪಾಳಿಗಾಗಿ ಆ ಹೆಣ್ಣುಮಗಳ ಗಂಡನಿಗೂ ಅವನ ದಾಯಾದಿಗೂ ಜಗಳ ಹತ್ತಿತ್ತು. ಹಾಡಹಗಲೇ ಕಾಲುವೆಯ ದಂಡೆಯ ಮೇಲೆ ದಾಯಾದಿ ಅವನನ್ನು ಗುಂಡು ಹೊಡೆದು ಕೊಂದ. ನೋಡಿದವಳು ಆಕೆ ಒಬ್ಬಳೇ. ಉಳಿದವರು ನೋಡಿದ್ದರೋ ಇಲ್ಲವೋ, ನೋಡಿಲ್ಲವೆಂದರು. ಹೊಡೆದವನು ಸ್ವಲ್ಪ ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಗೆ ಬಂದ. ಬಂದೂಕು ಮಾತ್ರ ಸಿಗಲಿಲ್ಲ.

ಬಿದ್ದಿದ್ದ ಖಾಲಿ ತೋಟಾಗಳು ಪಿಸ್ತೂಲಿನವು. ಆದರೆ ಆಕೆ ಪಿಸ್ತೂಲು ಅನ್ನಲಿಲ್ಲ. ‘ಅಂವ ಎರಡೂ ಕೈಲೆ ಹಿಡಿದಿದ್ನಿರಿ. ಬಿಟ್ಟು ಬಿಟ್ಟು ಹೊಡೀಲಿಲ್ರಿ, ಹಂಚಿನ ಮ್ಯಾಲ ಜ್ವಾಳದ ಅಳ್ಳು ಸಿಡಿದಂಗ ಒಂದೇ ಸವನ ಸಿಡೀತು’ ಎಂದಿದ್ದಳು. ಎಲ್ಲೋ ಕದ್ದುಮುಚ್ಚಿ ಮಾಡಿದ ಕಾರ್ಬೈನು ಎಂಬುದು ಅಲ್ಲಿಗೆ ಖಚಿತವಾಯಿತು. ಅದು ಈಗಲೂ ಯಾವುದೋ ಹೊಲದಲ್ಲಿ, ಯಾವುದೋ ಬಣವೆಯೊಳಗೆ ಇದೆ.

ನಮ್ಮ ಸಾಹೇಬರು ಒಳ್ಳೆಯವರು. ಒಳ್ಳೆಯವರ ಕೈಯಲ್ಲಿ ಏನೂ ಇರುವುದಿಲ್ಲ, ಅದೊಂದೇ ತೊಂದರೆ. ಅವರು ನನ್ನನ್ನು ಕರೆದು ಕೇಳಿದರು: ‘ಏನಪಾ, ನಮ್ಮ ಜಾಕೀಟು ಕಾರ್ಬೈನ್ ತಡೀತಾವೇನು?’

‘ಪಿಸ್ತೂಲು ತಡೀತಾವ್ರಿ. ಕಾರ್ಬೈನ್ ಹೊಡದು ನೋಡಿಲ್ರಿ.’

‘ಹಂಗಾದ್ರ ಹೊಡದು ನೋಡು. ನಿನ್ನ ಮನಿಯಾಕೀನೇ ಹಾಕ್ಕೋತಾಳ ಅಲಾ.’

ಈ ಪರೀಕ್ಷೆಗೆ ಮಣ್ಣು ಬೇಕು. ಜಾಕೆಟ್ಟು ಗುಂಡನ್ನು ಹಿಡಿದರೂ ಹಿಂದಿನ ದೇಹಕ್ಕೆ ಪೆಟ್ಟು ತಪ್ಪುವುದಿಲ್ಲ. ಎಷ್ಟು ಪೆಟ್ಟು ಎಂಬುದು ಮಣ್ಣಿನಲ್ಲಿ ಬಿದ್ದ ಗುಳಿಯನ್ನು ನೋಡಿದರೆ ತಿಳಿಯುತ್ತದೆ. ದೊಡ್ಡ ಊರುಗಳಲ್ಲಿ ಇದಕ್ಕೆಂದೇ ಬೇರೆ ಜೇಡಿ ಸಿಗುತ್ತದಂತೆ. ನಾನು ಹತ್ತಿಕುಣಿ ಕೆರೆಯ ಅಂಚಿನಿಂದ ಜಿಗಟು ಮಣ್ಣು ತಂದು, ಕಲ್ಲು ಬೇರು ಆರಿಸಿ, ಒಣಗಿ ಬಿರಿಯದಿರಲೆಂದು ಎಣ್ಣೆ ಹಾಕಿ ನಾದಿದೆ. ಹಲಗೆಯ ಚೌಕಟ್ಟಿನಲ್ಲಿ ಅದನ್ನು ಬಿಗಿಯಾಗಿ ತುಂಬಿ, ಮೇಲೆ ಅಂಗೈಯಿಂದ ಸವರಿ ನುಣುಪು ಮಾಡಿದೆ. ನಮ್ಮ ಹುಡುಗರು ಅದನ್ನು ‘ಎದೆ’ ಎಂದೇ ಕರೆಯುತ್ತಾರೆ. ‘ಎದೆ ತಯಾರಾತೇನ್ರಿ?’ ‘ಎದೆ ಎತ್ತಿ ಇಡ್ರಿ.’ ಗುಳಿಯಲ್ಲಿ ಹೆಬ್ಬೆರಳು ಅರ್ಧ ಮುಳುಗಿದರೆ ಮನುಷ್ಯ ಆಸ್ಪತ್ರೆಗೆ, ಪೂರ್ತಿ ಮುಳುಗಿದರೆ ಮನೆಯವರಿಗೆ ಫೋನು. ನಮ್ಮ ಅಳತೆ ಅಷ್ಟೇ.

ಊರ ಹೊರಗೆ ಗುಡ್ಡದ ಬೆನ್ನಿಗೆ ನಮ್ಮ ಗುರಿ ಹೊಡೆಯುವ ಜಾಗ. ಬಿಸಿಲಿಗೆ ಬಂಡೆಗಳು ಕಾದು ಮುಟ್ಟಲಾಗದಂತಿದ್ದವು. ಜಾಕೆಟ್ಟನ್ನು ಎದೆಗೆ ಕಟ್ಟಿ ಮೊದಲು ಪಿಸ್ತೂಲಿನಿಂದ ಹೊಡೆದೆವು. ಹೋಗಿ ಬಿಚ್ಚಿದರೆ ಗುಂಡು ಒಳಪದರಗಳಲ್ಲಿ ಚಪ್ಪಟೆಯಾಗಿ ಸಿಕ್ಕಿಕೊಂಡಿತ್ತು, ಹಿಂದೆ ಮಣ್ಣಿನಲ್ಲಿ ಗುಳಿ. ಗುಳಿ ನನ್ನ ಲೆಕ್ಕಕ್ಕಿಂತ ಸ್ವಲ್ಪ ಆಳವಾಗಿತ್ತು, ಆದರೂ ತಡೆದಿತ್ತು. ಸಾಹೇಬರು ‘ಶಾಬಾಸ್’ ಎಂದು ಜಾಕೆಟ್ಟಿನ ಬೆನ್ನು ತಟ್ಟಿದರು.

ಆಮೇಲೆ ಕಾರ್ಬೈನು ಎತ್ತಿಕೊಂಡೆ. ಅದೇ ಡಬ್ಬಿಯ ತೋಟಾ, ಅಷ್ಟೇ ದೂರ. ಒಂದೇ ಗುಂಡು. ಹೋಗಿ ನೋಡಿದರೆ ಜಾಕೆಟ್ಟಿನ ಹಿಂದೆ ಗುಳಿ ಇರಲಿಲ್ಲ, ತೂತು ಇತ್ತು. ಮಣ್ಣಿನೊಳಗೆ ಬೆರಳು ತೂರಿಸಿದೆ, ತಳ ಸಿಗಲಿಲ್ಲ. ಗುಂಡು ಮಣ್ಣನ್ನೂ ದಾಟಿ ಹಿಂದಿನ ಹಲಗೆಯಲ್ಲಿ ನಾಟಿತ್ತು. ಇನ್ನೊಂದು ಜಾಕೆಟ್ಟು ಕಟ್ಟಿ ಹೊಡೆದೆ, ಅದೂ ಹಾಗೇ. ನಾನು ಬಂಡೆಯ ನೆರಳಿಗೆ ಹೋಗಿ ಕುಳಿತೆ. ಆ ಮಣ್ಣನ್ನು ನಾನೇ ಸವರಿದ್ದೆ.

ಜಾಕೆಟ್ಟಿನ ಹೊಟ್ಟೆ ಕೊಯ್ದು ಪದರಗಳನ್ನು ಬಿಡಿಸಿದಾಗ ಕಾರಣ ಕಣ್ಣಿಗೆ ಬಿತ್ತು. ಹಳದಿ ಇರಬೇಕಾದ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು, ಅಂಚುಗಳಲ್ಲಿ ನೂಲು ಪುಡಿಪುಡಿ. ಸೋಪಿನ ಪುಡಿಯ ವಾಸನೆ ಇನ್ನೂ ಇತ್ತು.

ನಮ್ಮಲ್ಲಿ ಮಹಾನವಮಿಗೆ ಖಂಡೆ ಪೂಜೆ ಜೋರು. ಕೋಣೆಯಲ್ಲಿರುವ ಎಲ್ಲವನ್ನೂ ಹೊರಗೆ ತಂದು, ಒರೆಸಿ ಹೊಳೆಯಿಸಿ, ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಹೂವು ಏರಿಸಿ, ಕಾಯಿ ಒಡೆಯುತ್ತೇವೆ. ಬಂದೂಕಿಗೆ ಮರ್ಯಾದೆ ಮಾಡಿ ಜಾಕೆಟ್ಟನ್ನು ಹೊಲಸಾಗಿ ಇಡುವುದು ಹೇಗೆ? ವರ್ಷವಿಡೀ ಬೆವರು ಕುಡಿದ ಜಾಕೆಟ್ಟುಗಳನ್ನು ದೊಡ್ಡ ಡ್ರಮ್ಮಿನಲ್ಲಿ ಸೋಪಿನ ಪುಡಿ ಹಾಕಿ ನೆನೆಸಿ, ತುಳಿದು ತೊಳೆದು, ಗುಡ್ಡದ ಬಂಡೆಗಳ ಮೇಲೆ ಹರವುವುದು ನಾನು ಸೇರುವ ಮೊದಲಿನಿಂದ ನಡೆದುಬಂದದ್ದು. ಹಾಡು ಹೇಳುತ್ತಾ ತೊಳೆಯುತ್ತಿದ್ದರು. ಅದರಲ್ಲಿ ಅಸಡ್ಡೆ ಎಳ್ಳಷ್ಟೂ ಇರಲಿಲ್ಲ, ಇದ್ದದ್ದು ಬರೀ ಭಕ್ತಿ. ನೀರು ಮುಟ್ಟಿಸಬೇಡಿ, ಬಿಸಿಲಿಗೆ ಒಡ್ಡಬೇಡಿ ಎಂದು ಒಳಗೆ ಒಂದು ಪಟ್ಟಿ ಹೊಲಿದಿರುತ್ತಾರೆ. ಮೊದಲ ಸಲ ತೊಳೆದಾಗಲೇ ಆ ಪಟ್ಟಿಯ ಅಕ್ಷರಗಳು ಅಳಿಸಿ ಹೋಗಿದ್ದವು.

ತೊಳೆಯದ ಜಾಕೆಟ್ಟು ಒಂದೇ ಒಂದು ಇತ್ತು. ಯಾರಾದರೂ ದೊಡ್ಡವರು ಬಂದರೆ ಇರಲಿ ಎಂದು ಪೆಟ್ಟಿಗೆಯಲ್ಲೇ ಇಟ್ಟಿದ್ದೆವು. ಯಾವ ದೊಡ್ಡವರೂ ಹಾಕಿಕೊಂಡಿರಲಿಲ್ಲ. ಸಾಹೇಬರು ಅದನ್ನು ಪೆಟ್ಟಿಗೆಯಿಂದ ತೆಗೆಸಿದರು. ‘ಇದು ತಡದ್ರ, ಮಾಲ್ ಚಲೋ ಅದ, ತೊಳದಿದ್ದಕ್ಕ ಕೆಟ್ಟಾವ, ಹೊಸಾವ ಕೊಡ್ರಿ ಅಂತ ಮ್ಯಾಲಿನವರಿಗೆ ಕೇಳಾಕ ಬರ್ತದ. ಹೊಡಿ’ ಎಂದರು.

‘ಸರ್, ಇರೋದು ಇದೊಂದ ಚಲೋದು.’

‘ಅದಕ್ಕ ಅಂತೀನಿ. ಹೊಡಿ.’

ಹೊಸ ಮಣ್ಣು ತುಂಬಿ, ಸವರಿ, ಕಟ್ಟಿ, ಕಾರ್ಬೈನಿನಿಂದ ಹೊಡೆದೆ. ಎಡಗಡೆಗೆ, ಎದೆಯ ಮೇಲೆ ಬಿತ್ತು. ಬಿಚ್ಚಿದರೆ ಗುಂಡು ಒಳಗೇ ನಿಂತಿತ್ತು. ಹೆಬ್ಬೆರಳು ಅರ್ಧ ಮುಳುಗುವಷ್ಟು ಗುಳಿ. ಆಸ್ಪತ್ರೆ ಅಷ್ಟೇ, ಫೋನು ಬೇಡ. ಅಂದರೆ ಒಂದು ಒಳ್ಳೆಯ ಜಾಕೆಟ್ಟು ಇತ್ತು ಎಂಬುದು ನಮಗೆ ಗೊತ್ತಾಯಿತು, ಗೊತ್ತಾಗುವಷ್ಟರಲ್ಲಿ ಅದಕ್ಕೂ ತೂತು ಬಿತ್ತು. ಈ ಕೆಲಸದ ಹಣೆಬರಹವೇ ಇದು. ಹೊಡೆದು ನೋಡಿದ್ದನ್ನು ಹಾಕಿಕೊಳ್ಳುವಂತಿಲ್ಲ, ಹಾಕಿಕೊಳ್ಳುವುದನ್ನು ಹೊಡೆದು ನೋಡುವಂತಿಲ್ಲ.

ಸಾಹೇಬರು ಮೇಲಿನವರಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು. ಅದೇ ತಪ್ಪಾಯಿತು. ಕೊಟ್ಟ ಮಾಲು ಚೆನ್ನಾಗಿತ್ತು, ನೀವೇ ತೊಳೆದು ಹಾಳು ಮಾಡಿದ್ದೀರಿ, ಹೊಸದು ಯಾವ ಮುಖದಿಂದ ಕೇಳುತ್ತೀರಿ ಎಂದು ಫೋನಿನಲ್ಲೇ ಉಗಿದರಂತೆ. ಸದ್ಯಕ್ಕೆ ಇದ್ದವನ್ನೇ ಬಳಸಿ ಎಂದರಂತೆ. ನನಗೆ ಸಾಹೇಬರ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲೆ ಬರಬೇಕೋ ಅವರ ಮುಖ ನಾನು ನೋಡಿಲ್ಲ.

ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಮುಚ್ಚಿಟ್ಟರೆ ಆಕೆಗೆ ನನ್ನ ಮುಖದಿಂದಲೇ ತಿಳಿಯುತ್ತದೆ. ಆಕೆ ಜೋಳದ ಹಿಟ್ಟು ನಾದುತ್ತಿದ್ದಳು. ನಾದುವುದನ್ನು ನಿಲ್ಲಿಸದೆ ಕೇಳಿದಳು: ‘ಆ ಪೆಟ್ಟಿಗ್ಯಾಗಿನ ಜಾಕೀಟು, ತೂತು ಬಿದ್ದದ್ದು, ಎಲ್ಲಿ ಅದರಿ?’

‘ಮೂಲ್ಯಾಗ ಒಗದಾರ. ಕಂಡಮ್ ಆತಲ್ಲ, ಇನ್ನ ಕೆಲಸಕ್ಕ ಬರೂದಿಲ್ಲ.’

‘ಅದನ್ನ ನನಗ ಕೊಡ್ರಿ.’

‘ಹುಚ್ಚಿದ್ದಿ ಏನು? ತೂತು ಬಿದ್ದದ.’

‘ಅದೇ ತೂತಿನ್ಯಾಗ ಇನ್ನೊಂದು ಗುಂಡು ಹೊಡೀಲಿಕ್ಕ ಅಂವ ನಿಮ್ಮಂಗ ಗುರಿಗಾರ ಅದಾನೇನ್ರಿ? ಸುತ್ತಲಿಂದೆಲ್ಲ ಗಟ್ಟಿ ಅದ ಅಲಾ.’

ನನಗೆ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರು. ಆಕೆಯ ಮಾತು ಸರಿಯಿತ್ತು. ತೊಳೆದ ಹತ್ತಾರಕ್ಕಿಂತ ಹೊಡೆಸಿಕೊಂಡ ಆ ಒಂದೇ ವಾಸಿ. ಮರುದಿನ ಸಾಹೇಬರ ಮುಂದೆಯೇ ಅದನ್ನು ಮೂಲೆಯಿಂದ ಎತ್ತಿಕೊಂಡೆ. ಅವರು ಗೋಡೆಯ ಕಡೆ ತಿರುಗಿ, ‘ನಾ ಏನೂ ನೋಡಿಲ್ಲಪಾ’ ಎಂದರು. ಹೆಂಡತಿಗೆ ಕೊಡುವಾಗ ಒಂದೇ ಮಾತು ಹೇಳಿದೆ: ನೀರು ತಾಗಿಸಬೇಡ. ಆಕೆ ತಾಗಿಸಲಿಲ್ಲ. ಬೆವರಿಗೆ ಹೆದರಿ ಒಳಗೆ ಪ್ಲಾಸ್ಟಿಕ್ ಹಾಳೆ ಇಟ್ಟುಕೊಳ್ಳುತ್ತಿದ್ದಳು. ಆ ಸೆಕೆಗೆ ಮೈಯೆಲ್ಲ ಬೊಬ್ಬೆ ಎದ್ದರೂ ತೆಗೆಯಲಿಲ್ಲ. ಗಂಡಸರ ಅಳತೆಗೆ ಹೊಲಿದ ಜಾಕೆಟ್ಟು, ಆಕೆಗೆ ತೊಡೆಯ ತನಕ ಬರುತ್ತಿತ್ತು.

ಪ್ರಕರಣ ಸುರಪುರದ ಕೋರ್ಟಿನಲ್ಲಿತ್ತು. ತಾರೀಖು ಬೀಳುತ್ತಿತ್ತು, ಮುಂದಕ್ಕೆ ಹೋಗುತ್ತಿತ್ತು. ಒಮ್ಮೆ ಅವನ ವಕೀಲರಿಗೆ ಜ್ವರ, ಒಮ್ಮೆ ಇನ್ನಾರದೋ ರಜೆ. ಪ್ರತಿ ತಾರೀಖಿಗೂ ಆ ಹೆಣ್ಣುಮಗಳು ತಲೆ ಬಾಚಿ, ಇಳಕಲ್ ಸೀರೆ ಉಟ್ಟು, ಹೇಳಬೇಕಾದ್ದನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ ಜೀಪು ಹತ್ತುತ್ತಿದ್ದಳಂತೆ. ಸಂಜೆಗೆ ಹೇಳದೆಯೇ ತಿರುಗಿ ಬರುತ್ತಿದ್ದಳು. ದಾಯಾದಿ ಕೋರ್ಟಿನ ಮುಂದಿನ ಚಹಾದಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು ಇವರನ್ನು ನೋಡುತ್ತಿದ್ದ.

ನಾನು ಒಮ್ಮೆ ಆ ಹಳ್ಳಿಯ ಕಾವಲಿನವರ ಬಂದೂಕು ತಪಾಸಣೆಗೆಂದು ಹೋಗಿದ್ದೆ. ಆ ಹೆಣ್ಣುಮಗಳು ನನ್ನ ಹೆಂಡತಿಗಿಂತ ಸ್ವಲ್ಪ ದೊಡ್ಡವಳು. ನನ್ನನ್ನು ಕಂಡವಳೇ ‘ಬರ್ರಿ ಅಣ್ಣಾರ’ ಎಂದು ಕೌದಿ ಹಾಸಿದಳು, ಕಟಕ್ ರೊಟ್ಟಿ, ಶೇಂಗಾ ಹಿಂಡಿ ಇಟ್ಟಳು. ಹಗಲೆಲ್ಲ ಒಳಗೇ ಇರಬೇಕಾದ್ದರಿಂದ ಹರಿದ ಸೀರೆಗಳನ್ನೆಲ್ಲ ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಊರಿನವರು ಯಾರೂ ಆಕೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ನನ್ನ ಹೆಂಡತಿ ಜಾಕೆಟ್ಟು ತೊಟ್ಟು ಬಾಗಿಲಲ್ಲಿ ಕುಳಿತಿದ್ದಳು. ಆ ಹೆಣ್ಣುಮಗಳು ಅದರ ಎಡ ಎದೆಯ ತೂತಿನ ಮೇಲೆ ಬೆರಳಿಟ್ಟು ನನಗೆ ಹೇಳಿದಳು: ‘ತಂಗಿ ಎಲ್ಲಾ ಹೇಳ್ಯಾಳ್ರಿ. ಇಲ್ಲೇ ಹೊಡದೀರಂತ, ಇಲ್ಲೇ ತಡದದಂತ. ಇದನ್ನ ನೋಡಿದ್ರ ನನಗ ನಿದ್ದಿ ಬರ್ತದ್ರಿ ಅಣ್ಣಾರ.’

ಹೆಂಡತಿ ಆಕೆಗೆ ಎಲ್ಲವನ್ನೂ ಹೇಳಿರಲಿಲ್ಲ. ಇದು ತಡೆದದ್ದನ್ನು ಮಾತ್ರ ಹೇಳಿದ್ದಳು. ಬಾಗಿಲ ಹೊರಗೆ ನಿಂತ ಇಬ್ಬರು ಗಂಡು ಕಾನ್‌ಸ್ಟೇಬಲ್‌ಗಳ ಮೈಮೇಲಿನ ಜಾಕೆಟ್ಟುಗಳು ಬರೀ ಅಂಗಿ ಎಂಬುದನ್ನು ಹೇಳಿರಲಿಲ್ಲ. ನೀರು ತಾಗಿಸಬಾರದು ಎಂಬ ಮಾತನ್ನೇ ಎತ್ತಿರಲಿಲ್ಲ, ಎತ್ತಿದ್ದರೆ ಇವು ತೊಳೆದು ಕೆಟ್ಟದ್ದನ್ನೂ ಹೇಳಬೇಕಾಗುತ್ತಿತ್ತು. ಜೀಪಿನಲ್ಲಿ ಕೋರ್ಟಿಗೆ ಹೋಗುವಾಗೆಲ್ಲ ತನ್ನ ಜಾಕೆಟ್ಟು ಕಳಚಿ ಆ ಹೆಣ್ಣುಮಗಳಿಗೇ ಹಾಕುತ್ತಿದ್ದಳಂತೆ. ಇದು ನನಗೆ ಅಂದೇ ತಿಳಿಯಿತು. ನನ್ನನ್ನು ಕಳಿಸಲು ಗಾಡಿಯ ತನಕ ಬಂದಾಗ ಜಗಳ ತೆಗೆದೆ.

‘ನಿನಗ ಅಂತ ತಂದುಕೊಟ್ಟೀನಿ ನಾನು.’

‘ಅಂವ ಹೊಡೆಯೋದು ನನಗಲ್ರಿ, ಆಕಿಗೆ.’

‘ನಡುವ ನೀ ಇರ್ತೀಯಲ್ಲ!’

‘ಅದು ನನ್ನ ಪಗಾರದ ಕೆಲಸ’ ಎಂದಳು.

ಮಹಾನವಮಿ ಬಂತು. ಸಾಹೇಬರ ಹುಕುಂ ಇತ್ತು, ಆ ವರ್ಷ ನಮ್ಮಲ್ಲಿ ಜಾಕೆಟ್ಟಿಗೆ ಯಾರೂ ನೀರು ಮುಟ್ಟಿಸಲಿಲ್ಲ. ಕೆಟ್ಟುಹೋದವನ್ನು ತೊಳೆದರೇನು ಬಿಟ್ಟರೇನು, ಆದರೂ ಮುಟ್ಟಿಸಲಿಲ್ಲ. ಹುಡುಗರ ಮುಖ ಸಪ್ಪಗಿತ್ತು. ಧೂಳು ಹಿಡಿದ ಜಾಕೆಟ್ಟುಗಳ ಮೇಲೇ ಕುಂಕುಮ ಹಚ್ಚಿದರು. ಹೆಂಡತಿಗೆ ಹಬ್ಬಕ್ಕೆ ರಜೆ ಸಿಕ್ಕಿತ್ತು. ಬಾಗಿಲಿಗೆ ಬೇರೆ ಕಾವಲಿನವರು ಬಂದಿದ್ದರು. ಹೊರಡುವಾಗ ಜಾಕೆಟ್ಟನ್ನು ಆ ಹೆಣ್ಣುಮಗಳಿಗೇ ಕೊಟ್ಟು, ‘ಅಕ್ಕಾ, ನಾ ಬರೋತನ ನಿನ್ನ ಮೈಮ್ಯಾಲೇ ಇರ್ಲಿ’ ಎಂದು ಹೇಳಿ ಬಂದಿದ್ದಳು. ಇಬ್ಬರೂ ಮನೆಯಲ್ಲಿದ್ದು ಹಬ್ಬ ಮಾಡಿದೆವು, ಹೋಳಿಗೆ ತಿಂದೆವು, ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದು ಓಣಿಯವರಿಗೆಲ್ಲ ಹೇಳಿದೆವು. ಹಬ್ಬದ ಮರುದಿನವೇ ತಾರೀಖು ಇತ್ತು. ಈ ಸಲ ಸಾಕ್ಷಿ ಹೇಳಿಸಿಯೇ ಸೈ ಎಂದು ಸರಕಾರಿ ವಕೀಲರು ಹೇಳಿದ್ದರಂತೆ. ಬೆಳಗ್ಗೆ ಹೆಂಡತಿಯನ್ನು ಗಾಡಿಯ ಮೇಲೆ ಕೂರಿಸಿಕೊಂಡು ಶಹಾಪುರ ದಾಟಿ ಆ ಹಳ್ಳಿಗೆ ಹೋದೆ.

ಜೀಪು ಬಾಗಿಲಲ್ಲಿ ನಿಂತಿತ್ತು. ಆ ಹೆಣ್ಣುಮಗಳು ಅಂಗಳದ ಹಗ್ಗದಿಂದ ಜಾಕೆಟ್ಟನ್ನು ಎತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದು ತಂದಳು. ಮುಖದಲ್ಲಿ ಅಂಥ ನಗುವನ್ನು ನಾನು ಆ ಮೊದಲು ಕಂಡಿರಲಿಲ್ಲ.

‘ನೋಡ ತಂಗಿ, ಗುರುತು ಸಿಗ್ತದೇನು? ಎಷ್ಟು ಹೊಲಸಾಗಿತ್ತವ್ವಾ. ಹಬ್ಬದಾಗ ಹಂಗ ಇಡಬಾರದಂತ ಸೋಡಾ ಹಾಕಿ ಕುದಿಸೀನಿ, ಬಡಿಗಿಲೆ ಬಡದು ತೊಳದೀನಿ. ಎರಡ ದಿನ ಆತು ಬಿಸಿಲಿಗೆ ಹಾಕಿ, ಒಣಗವಲ್ದು ನೋಡು, ನಡು ಇನ್ನ ಹಸೀನ ಅದ.’

ನನ್ನ ಹೆಂಡತಿಯ ಕೈ ಗಾಳಿಯಲ್ಲೇ ನಿಂತಿತು.

‘ತೂತೂ ಮುಚ್ಚೀನಿ’ ಎಂದಳು ಆ ಹೆಣ್ಣುಮಗಳು. ‘ಅಂವಗ ಇಲ್ಲೇ ಹೊಡಿ ಅಂತ ನಾವೇ ತೋರ್ಸಿದಂಗ ಆಗ್ತದ ಅಂತ.’ ಎಡ ಎದೆಯ ಮೇಲೆ ಕೆಂಪು ಸೀರೆಯ ತುಂಡೊಂದನ್ನು ಚೌಕವಾಗಿ ಕತ್ತರಿಸಿಟ್ಟು, ಕೌದಿಗೆ ಹಾಕುವ ಹಾಗೇ ಸಣ್ಣ ಸಣ್ಣ ಹೊಲಿಗೆ ಹಾಕಿದ್ದಳು. ಸೂಜಿ ಆ ಬಟ್ಟೆಯೊಳಗೆ ಸುಲಭಕ್ಕೆ ಇಳಿಯುವುದಿಲ್ಲ. ಬೆರಳ ತುದಿಗಳಲ್ಲಿ ಚುಚ್ಚಿದ ಗಾಯಗಳಿದ್ದವು. ಕಪ್ಪು ಜಾಕೆಟ್ಟಿನ ಮೇಲೆ ಆ ಕೆಂಪು ಚೌಕ ಬೀದಿಯ ಆ ತುದಿಯಿಂದಲೂ ಕಾಣುವಂತಿತ್ತು.

ನಾನು ಬಾಯಿ ತೆರೆದೆ. ಹೆಂಡತಿ ನನ್ನ ಕಡೆ ತಿರುಗಿ ಒಂದೇ ಸಲ ನೋಡಿದಳು, ನಾನು ಬಾಯಿ ಮುಚ್ಚಿದೆ. ಇವತ್ತು ಆ ಹೆಣ್ಣುಮಗಳು ಕಟಕಟೆ ಹತ್ತಿ ಮಾತಾಡಬೇಕು. ಆಕೆಯ ಹತ್ತಿರ ಇದ್ದದ್ದು ಈ ಜಾಕೆಟ್ಟಿನ ಮೇಲಿನ ನಂಬಿಕೆ ಒಂದೇ.

‘ಭಾಳ ಚಲೋ ಆತಕ್ಕಾ’ ಎಂದಳು ನನ್ನ ಹೆಂಡತಿ. ‘ಬಾ, ಕೈ ಎತ್ತು.’ ಇಳಕಲ್ ಸೀರೆಯ ಮೇಲೆ ಅದನ್ನು ತೊಡಿಸಿ, ಪಕ್ಕೆಯ ಪಟ್ಟಿಗಳನ್ನು ಬಿಗಿದು, ಆ ಕೆಂಪು ಚೌಕದ ಮೇಲೆ ಸೆರಗು ಎಳೆದು ಮುಚ್ಚಿದಳು. ತಾನು ಬರೀ ಅಂಗಿಯಲ್ಲಿ ಆಕೆಯ ಎಡಕ್ಕೆ ಕುಳಿತಳು. ಜೀಪು ಸುರಪುರದ ಕಡೆ ಹೊರಟಿತು.

ನಾನು ಗಾಡಿ ಹತ್ತಿ ಹಿಂದೆಯೇ ಹೋದೆ. ಸೋಡಾದ ವಾಸನೆ ಇನ್ನೂ ನನ್ನ ಮೂಗಿನಲ್ಲಿತ್ತು. ಹಸಿ ಇದ್ದರೂ, ಕುದಿಸಿ ಬಡಿದಿದ್ದರೂ, ಅದು ಇನ್ನೂ ತಡೆಯಬಹುದು, ತಡೆಯದಿರಬಹುದು. ಹೊಡೆದು ನೋಡದೆ ಯಾರೂ ಹೇಳಲಾರರು. ಕೋರ್ಟು ಮುಟ್ಟಿದಾಗ ಚಹಾದಂಗಡಿಯ ಮುಂದೆ ಆ ದಾಯಾದಿ ಆಗಲೇ ಬಂದು ಕುಳಿತಿದ್ದ.